ಕ್ಯಾಮೆರಾ ಅಲ್ಲ ಸ್ವಾಮಿ, ಬೆಳಕು!

ಮನೆಯ ತೊಟ್ಟಿಯಲ್ಲಿರುವ ಹವಳದ ಫೋಟೋ ತೆಗೆಯಲು ಯಾವ ಕ್ಯಾಮೆರಾ ಕೊಳ್ಳಲಿ ಎಂದು ಕೇಳುವವರಿಗೆಲ್ಲ ನನ್ನದು ಒಂದೇ ಉತ್ತರ: ಇರುವುದೇ ಸಾಕು. ಅಂಗಡಿಯವರಿಗೆ ಈ ಮಾತು ಪಥ್ಯವಾಗುವುದಿಲ್ಲ. 24 ಮೆಗಾಪಿಕ್ಸೆಲ್ ಸಾಲದು, 45 ಬೇಕು ಎನ್ನುತ್ತಾರೆ. ಗಿರಾಕಿ ತೊಟ್ಟಿಗಿಂತ ಹೆಚ್ಚಿನ ದುಡ್ಡು ಸುರಿದು ಬಂದು ತೆಗೆದರೆ ಸಿಗುವುದು ನೀಲಿ ಕಲಸುಮೇಲೋಗರ.

ಕಾರಣ ಸರಳ. ಇಂಥ ತೊಟ್ಟಿಗಳ ಮೇಲೆ ಹೆಚ್ಚಾಗಿ ಉರಿಯುವುದು 450 ನ್ಯಾನೊಮೀಟರ್ ಆಸುಪಾಸಿನ ನೀಲಿ ಎಲ್‌ಇಡಿ. ಹವಳದೊಳಗಿನ ಕೆಲವು ಪ್ರೋಟೀನುಗಳು ಆ ನೀಲಿಯನ್ನು ಹೀರಿ ಹಸಿರು, ಕಿತ್ತಳೆ ಬೆಳಕು ಸೂಸುತ್ತವೆ. ನಮ್ಮ ಕಣ್ಣು ಹೇಗೋ ಹೊಂದಿಕೊಳ್ಳುತ್ತದೆ. ಸೆನ್ಸರ್‌ಗೆ ಆ ಜಾಣತನವಿಲ್ಲ, ನೀಲಿಯಲ್ಲೇ ಮುಳುಗುತ್ತದೆ. ಮದ್ದು ಹೊಸ ಕ್ಯಾಮೆರಾ ಅಲ್ಲ, ಲೆನ್ಸಿನ ಮುಂದೊಂದು ಹಳದಿ ಫಿಲ್ಟರ್. ಅದಕ್ಕಿಂತ ಒಳ್ಳೆಯದು, ಐದು ನಿಮಿಷ ಬಿಳಿ ದೀಪ.

ದೊಡ್ಡ ಸೆನ್ಸರ್ ಬೇಕೇ ಬೇಕು ಎನ್ನುವುದು ಇನ್ನೊಂದು ಭ್ರಮೆ. ಎಷ್ಟೋ ಹವಳಗಳ ಪಾಲಿಪ್ ಒಂದೆರಡು ಮಿಲಿಮೀಟರ್ ಅಷ್ಟೇ. ಅಷ್ಟು ಹತ್ತಿರ ಹೋದಾಗ ಸ್ಪಷ್ಟವಾಗಿ ಮೂಡುವ ಆಳ ತೀರಾ ಕಡಿಮೆ. ಅದೇ ಚೌಕಟ್ಟು, ಅದೇ ಅಪರ್ಚರ್ ಆದರೆ ಚಿಕ್ಕ ಸೆನ್ಸರಿನದೇ ಆಳ ಹೆಚ್ಚು. ಕೈಯಲ್ಲಿ ದುಡ್ಡಿದ್ದರೆ ಮ್ಯಾಕ್ರೊ ಲೆನ್ಸ್ ಕೊಳ್ಳಿ, ಟ್ರೈಪಾಡ್ ಕೊಳ್ಳಿ. ಪಂಪ್ ನಿಲ್ಲಿಸಿ, ಗಾಜು ಒರೆಸಿ, ಲೆನ್ಸನ್ನು ಗಾಜಿಗೆ ನೇರವಾಗಿ ಹಿಡಿಯಿರಿ. ಓರೆಯಾದರೆ ಚಿತ್ರ ಕಲೆಸಿಹೋಗುತ್ತದೆ.

ನನ್ನ ಜಗಳ ಇಷ್ಟಕ್ಕೇ ಮುಗಿಯುವುದಿಲ್ಲ. ನೀಲಿ ಬೆಳಕಿನ ಆ ಝಗಝಗ ಚಿತ್ರಗಳೇ ಹವಳದ ವ್ಯಾಪಾರದ ಬಂಡವಾಳ. ಕೊಂಡವನು ಬಿಳಿ ದೀಪ ಹಾಕಿದರೆ ಕಾಣುವುದು ಕಂದು. ಆ ಕಂದು ಮೋಸವಲ್ಲ ಸ್ವಾಮಿ, ಅದೇ ಜೀವ! ಹವಳದೊಳಗೆ ವಾಸಿಸಿ ಅದಕ್ಕೆ ಅನ್ನ ಕೊಡುವ ಪಾಚಿಯ ಬಣ್ಣ ಅದು. ನೀರು ಬಿಸಿಯಾದಾಗ ಹವಳ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಆದದ್ದು ಅದೇ. ನಿಮ್ಮ ತೊಟ್ಟಿಯಲ್ಲೂ ಅದು ಆಗಬಹುದು. ಆಗ ನೀಲಿ ಚಿತ್ರ ರೋಗ ಮುಚ್ಚುತ್ತದೆ, ಬಿಳಿ ದೀಪದ ಚಿತ್ರ ಹೇಳುತ್ತದೆ.

ಇನ್ನೊಂದು ಮಾತು. ದಿಬ್ಬ ಕಟ್ಟುವ ಹವಳಗಳು 2001ರಿಂದ ನಮ್ಮ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯ ಪಕ್ಕದಲ್ಲಿವೆ. ನಮ್ಮ ಕಡಲಿನ ಹವಳ ಕಿತ್ತು ತಂದವನಿಗೆ ಕ್ಯಾಮೆರಾ ಸಲಹೆ ಕೊಡಲು ನಾನು ಸಿದ್ಧನಿಲ್ಲ. ಅವನು ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಲಿ, ಹವಳವನ್ನು ಅದರ ಮನೆಯಲ್ಲೇ ನೋಡಲಿ. ಉಳಿದವರು ಫೋಟೋದ ಕೆಳಗೆ ಕ್ಯಾಮೆರಾದ ಹೆಸರು ಬರೆಯುವುದನ್ನು ಬಿಟ್ಟು, ಯಾವ ದೀಪದಲ್ಲಿ ತೆಗೆದದ್ದೆಂದು ಬರೆಯಲಿ.