ಮೆತ್ತನೆಯ ಚಪ್ಪಲಿ: ಹೆಬ್ಬೆರಳಿನ ಪರೀಕ್ಷೆ ಸಾಲದು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿಯ ಪಾದರಕ್ಷೆ ಅಂಗಡಿಗಳಲ್ಲಿ ಮಹಿಳೆಯರ ಮೆತ್ತನೆಯ ಫೋಮ್ ಅಟ್ಟೆಯ ಚಪ್ಪಲಿಗಳು ಎದುರಿಗೇ ತೂಗುತ್ತವೆ. ಗ್ರಾಹಕಿಯು ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾಳೆ, ವರ್ತಕನು ಬೆಲೆ ಹೇಳುತ್ತಾನೆ, ವ್ಯಾಪಾರ ಮುಗಿಯುತ್ತದೆ. ಆದರೆ ಒತ್ತಿದಾಗ ಕಾಣುವ ಮೆದುತನವೆಲ್ಲ ನಡೆಯುವಾಗ ಸಿಗುವ ಸುಖವಲ್ಲ ಎಂಬುದನ್ನು ವರ್ತಕರು ಮನಗಾಣಬೇಕು.

ಇಂತಹ ಅಟ್ಟೆಗಳು ಬಹುಮಟ್ಟಿಗೆ ಇವಿಎ ಫೋಮಿನವು. ಅದರೊಳಗಿನ ಸೂಕ್ಷ್ಮ ಗಾಳಿಗುಳ್ಳೆಗಳೇ ಮೆದುತನಕ್ಕೆ ಕಾರಣ. ಗಾಳಿ ಹೆಚ್ಚಿ ಮೂಲವಸ್ತು ಕಡಿಮೆಯಾದಷ್ಟೂ ಅಟ್ಟೆ ಅಗ್ಗವೂ ಹಗುರವೂ ಆಗುತ್ತದೆ; ಹಿಮ್ಮಡಿಯ ಕೆಳಗೆ ಅಷ್ಟೇ ಬೇಗ ಚಪ್ಪಟೆಯೂ ಆಗುತ್ತದೆ. ಕಡುಬಿಸಿಲಿಗೆ ಇವಿಎ ಕುಗ್ಗುವುದೂ ಉಂಟು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ ಜಿಲ್ಲೆಯಲ್ಲಿ ಅಂಗಡಿಯ ಹೊರಗೆ ಬಿಸಿಲಿಗೆ ತೂಗುಹಾಕಿದ ಮಾಲು ಮಾರಾಟಕ್ಕೆ ಮುನ್ನವೇ ಕೆಡಬಹುದು.

ಈ ಭಾಗದ ನೆಲದ ಗುಣವನ್ನೂ ಗಮನಿಸಬೇಕು. ಅಂಗಳದ ನುಣುಪಾದ ಶಹಾಬಾದ್ ಫರಸಿ ನೀರು ಬಿದ್ದರೆ ಜಾರುತ್ತದೆ. ಗೀರು ಸವೆದ ಅಟ್ಟೆ ಅಲ್ಲಿ ಅಪಾಯಕರ. ತೊಗರಿ ಕೊಯ್ದ ಹೊಲದ ಕೂಳೆ ತೆಳು ಫೋಮನ್ನು ಚುಚ್ಚಿ ದಾಟಬಲ್ಲದು. ಹೊಲಕ್ಕೂ ಕಲ್ಲುಗಣಿಗೂ ಹೋಗುವ ಮಹಿಳೆಗೆ ಮನೆಯೊಳಗಿನ ಚಪ್ಪಲಿಯನ್ನು ಮಾರಿ ಕಳುಹಿಸಿದರೆ, ಕಾಲಿಗೆ ಪೆಟ್ಟಾದ ದಿನ ಆಕೆ ಕಳೆದುಕೊಳ್ಳುವುದು ಚಪ್ಪಲಿಯ ಬೆಲೆಯನ್ನಲ್ಲ, ದಿನಗೂಲಿಯನ್ನು.

ಪರಿಹಾರ ಕಷ್ಟಸಾಧ್ಯವಲ್ಲ. ಮೇಲೆ ಮೆತ್ತನೆಯ ಪದರ, ಕೆಳಗೆ ಆಳವಾದ ಗೀರುಗಳುಳ್ಳ ಗಟ್ಟಿ ಪದರ ಇರುವ ಅಟ್ಟೆಗಳನ್ನೇ ವರ್ತಕರು ಸಗಟು ಮಾರಾಟಗಾರರಿಂದ ಕೇಳಿ ತರಿಸಬೇಕು. ಮನೆಬಳಕೆಯ ಮಾಲನ್ನೂ ದುಡಿಮೆಯ ಮಾಲನ್ನೂ ಬೇರೆಬೇರೆಯಾಗಿ ಜೋಡಿಸಿ, ವ್ಯತ್ಯಾಸವನ್ನು ಗ್ರಾಹಕರಿಗೆ ತಿಳಿಸಬೇಕು.

ಗ್ರಾಹಕರು ಅಗ್ಗದ್ದನ್ನೇ ಕೇಳುತ್ತಾರೆಂಬ ಮಾತು ಅರ್ಧಸತ್ಯ. ವ್ಯತ್ಯಾಸ ತಿಳಿಯದವರು ಬೆಲೆಯನ್ನಲ್ಲದೆ ಮತ್ತೇನನ್ನು ಕೇಳಿಯಾರು? 2022ರ ಜನವರಿಯಿಂದ ಅಗ್ಗದ ಚಪ್ಪಲಿಗೂ ಶೇ. 12ರಷ್ಟಿದ್ದ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಸಲಾಗಿದೆ, 2,500 ರೂಪಾಯಿವರೆಗಿನ ಜೋಡಿಗಳಿಗೆ ಇದು ಅನ್ವಯ. ತೆರಿಗೆಯ ಈ ಇಳಿಕೆಯಿಂದಾಗಿ, ಗ್ರಾಹಕಿಯು ಹಿಂದೆ ಕೊಡುತ್ತಿದ್ದ ಹಣಕ್ಕೇ ಇನ್ನಷ್ಟು ಉತ್ತಮ ಅಟ್ಟೆಯನ್ನು ಒದಗಿಸಲು ಸಾಧ್ಯ.

ಸಣ್ಣ ಉದ್ದಿಮೆದಾರರಿಗೂ ಇಲ್ಲಿ ಅವಕಾಶವಿದೆ. ಫೋಮ್ ಹಾಳೆ ತರಿಸಿ, ಅಚ್ಚಿನಿಂದ ಕತ್ತರಿಸಿ, ತೂತು ಕೊರೆದು ಪಟ್ಟಿ ಜೋಡಿಸುವ ಘಟಕಕ್ಕೆ ದೊಡ್ಡ ಕಾರ್ಖಾನೆ ಬೇಕಿಲ್ಲ. ದೂರದ ತಯಾರಕರಿಗೆ ಈ ನೆಲದ ಫರಸಿಯಾಗಲಿ ಕೂಳೆಯಾಗಲಿ ತಿಳಿಯದು, ಸ್ಥಳೀಯರಿಗೆ ತಿಳಿದಿದೆ. ಆ ತಿಳಿವಳಿಕೆಯೇ ಅವರ ಮೊದಲ ಬಂಡವಾಳವಾಗಬೇಕು.