ಅತ್ತೆಯ ತಟ್ಟೆಗೆ ಕ್ವಿನೋವಾ

ಊರಿಂದ ಸೋನಾ ಮಸೂರಿ ತರಿಸುತ್ತಿದ್ದ ನಮ್ಮ ಪುಣೆಯ ಮನೆಗೆ, ಅತ್ತೆಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಕ್ವಿನೋವಾ ಬಂತು. ಮೊದಲ ದಿನ ತೊಳೆಯದೇ ಬೇಯಿಸಿದೆ. ಬರೀ ಕಹಿ! ಅತ್ತೆ ಏನೂ ಅನ್ನಲಿಲ್ಲ, ಮಜ್ಜಿಗೆ ಕುಡಿದು ಎದ್ದರು. ಕಾಳಿನ ಮೇಲಿನ ಸಪೋನಿನ್ ಆ ಕಹಿಗೆ ಕಾರಣ. ಸಣ್ಣ ಕಣ್ಣಿನ ಜರಡಿಯಲ್ಲಿ ಹಾಕಿ, ನೊರೆ ಹೋಗುವವರೆಗೆ ಉಜ್ಜಿ ತೊಳೆಯಿರಿ. ಒಂದು ಲೋಟಕ್ಕೆ ಎರಡು ಲೋಟ ನೀರು, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 15 ನಿಮಿಷ. ಕಾಳಿನಿಂದ ಬಿಳಿ ಬಾಲ ಬಿಚ್ಚಿಕೊಂಡರೆ ಬೆಂದಿದೆ ಎಂದರ್ಥ. ಆರಿದ ಮೇಲೆ ಕಡಲೆಬೀಜ, ಇಂಗಿನ ಒಗ್ಗರಣೆ, ನಿಂಬೆರಸ; ಚಿತ್ರಾನ್ನ ಸಿದ್ಧ. (ಸಾರಿಗೆ ಮಾತ್ರ ಹೊಂದುವುದಿಲ್ಲ, ನಾನು ಸೋತಿದ್ದೇನೆ.) ಬಿಳಿ ಅಕ್ಕಿಗಿಂತ ನಾರು, ಪ್ರೋಟೀನ್ ಜಾಸ್ತಿ ನಿಜ, ಆದರೆ ಪಿಷ್ಟ ಇದರಲ್ಲೂ ಇದೆ. ಮೊನ್ನೆ ಅತ್ತೆ ಇನ್ನೊಂದು ಸೌಟು ಕೇಳಿದರು. ಅರ್ಧ ಸೌಟು ಬಡಿಸಿದೆ.