ಹಳೆಯ ಗಣಕಯಂತ್ರಕ್ಕೆ ಹೊಸ ಸ್ಮರಣೆ

ಹಳೆಯ ಮಾಡಿಗೆ ಹೊಸ ಹೆಂಚು ಹೊದಿಸುವವನು ಮೊದಲು ಅಳತೆ ನೋಡುತ್ತಾನೆ. ಅಳತೆ ತಪ್ಪಿದ ಹೆಂಚು ಎಷ್ಟೇ ಚೆನ್ನಾಗಿದ್ದರೂ ಮಳೆಗಾಲದಲ್ಲಿ ಮನೆಯೊಳಗೆ ಸೋರುತ್ತದೆ. ಇಷ್ಟು ವಿವೇಕವುಳ್ಳ ನಾವು ಗಣಕಯಂತ್ರದ ವಿಷಯ ಬಂದಾಗ ಮಾತ್ರ ಅಳತೆಯನ್ನೇ ಮರೆತುಬಿಡುತ್ತೇವೆ.

ಕೇರಳದ ಶಾಲೆಗಳಲ್ಲಿ 2001ರಲ್ಲಿ 'ಐಟಿ ಅಟ್ ಸ್ಕೂಲ್' ಯೋಜನೆ ಆರಂಭವಾಯಿತು. 2017ರಲ್ಲಿ ಅದು 'ಕೈಟ್' ಸಂಸ್ಥೆಯಾಯಿತು. ಇಂದು ನಮ್ಮ ಮಕ್ಕಳು ಮಾಹಿತಿ ತಂತ್ರಜ್ಞಾನವನ್ನು ಕನ್ನಡ ಪಠ್ಯಪುಸ್ತಕದಲ್ಲೇ ಓದಿ, ಎಸ್ಸೆಸ್ಸೆಲ್ಸಿಯಲ್ಲಿ ಪ್ರಾಯೋಗಿಕ ಪರೀಕ್ಷೆ ಬರೆಯುತ್ತಾರೆ. ಮನೆಯಲ್ಲಿ ಅಭ್ಯಾಸಕ್ಕೆ ಸಿಗುವುದು ಹೆಚ್ಚಾಗಿ ಯಾರೋ ಬಂಧುಗಳು ಬಿಟ್ಟುಕೊಟ್ಟ ಹಳೆಯ ಯಂತ್ರ. ಅದು ನಿಧಾನವಾದೊಡನೆ "ರ‍್ಯಾಮ್ ಹಾಕಿಸಿ" ಎಂಬ ಸಲಹೆ ಬರುತ್ತದೆ. ಕೊಲ್ಲಿಯಿಂದ ರಜೆಗೆ ಬರುವ ಮಾವನಿಗೆ ಹೇಳಿ ತರಿಸಿಯೂ ಆಗುತ್ತದೆ. ಹಾಕಿ ನೋಡಿದರೆ ಪರದೆ ಕತ್ತಲು! ಯಂತ್ರ ಸತ್ತಿತೆಂದು ತೀರ್ಮಾನಿಸಿ, ಸಾಲ ಮಾಡಿಯಾದರೂ ಹೊಸತನ್ನು ಕೊಳ್ಳಲು ಹೆತ್ತವರು ಹೊರಡುತ್ತಾರೆ. ಈ ಆತುರವನ್ನು ನಾವು ಒಪ್ಪುವುದಿಲ್ಲ.

ಮೊದಲು ವಿಷಯ ತಿಳಿಯೋಣ. ಹಾರ್ಡ್ ಡಿಸ್ಕ್ ಪುಸ್ತಕಗಳನ್ನು ಇಡುವ ಕಪಾಟಾದರೆ, ರ‍್ಯಾಮ್ ಓದಲು ಅವನ್ನು ಬಿಡಿಸಿಡುವ ಮೇಜು. ಮೇಜು ಚಿಕ್ಕದಾದರೆ ಮತ್ತೆ ಮತ್ತೆ ಕಪಾಟಿಗೆ ಓಡಬೇಕು. ಯಂತ್ರ ನಿಧಾನವಾಗುವುದು ಹೀಗೆ. ಈ ಮೇಜನ್ನು ದೊಡ್ಡದು ಮಾಡಬಹುದು, ಆದರೆ ಕಂಡ ಕಂಡ ಹಲಗೆಯಿಂದಲ್ಲ.

ವ್ಯಾಕರಣದಲ್ಲಿ ನಾವು ಅರಿಸಮಾಸವನ್ನು ಕಲಿಸುತ್ತೇವೆ: ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಜೋಡಿಸಿದರೆ ಅದು ದೋಷ. ಪೂರ್ವಕವಿಗಳ ಪ್ರಯೋಗವೆಂದು ಕೆಲವಕ್ಕೆ ಮಾಫಿಯುಂಟು. ಯಂತ್ರದ ವ್ಯಾಕರಣದಲ್ಲಿ ಆ ಮಾಫಿಯೂ ಇಲ್ಲ. ಡಿಡಿಆರ್2 ರ‍್ಯಾಮ್‌ಗೆ ಬೇಕಾದದ್ದು 1.8 ವೋಲ್ಟ್, ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2. ಮೇಜಿನ ಮೇಲಿಡುವ ಗಣಕಗಳ ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್ನುಗಳೇ. ಆದರೆ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ತಪ್ಪಾದದ್ದು ಒಳಗೆ ಹೋಗದಿರಲೆಂದೇ ಆ ಕಚ್ಚು. ಹೋಗದಿದ್ದರೆ ಒತ್ತಬೇಡಿ, ತೆಗೆಯಿರಿ. ಲ್ಯಾಪ್‌ಟಾಪಿನ ರ‍್ಯಾಮ್ ಗಾತ್ರದಲ್ಲೇ ಚಿಕ್ಕದು. ಕೆಲವು ಲ್ಯಾಪ್‌ಟಾಪುಗಳಿಗೆ 1.35 ವೋಲ್ಟಿನ ಡಿಡಿಆರ್3ಎಲ್ ಮಾತ್ರವೇ ಆಗುತ್ತದೆ.

ಕಚ್ಚು ಹೊಂದಿದರೂ ಯಂತ್ರ ಒಪ್ಪದಿರುವುದುಂಟು. ಇಂಟೆಲ್ 2008ರಲ್ಲಿ ಹೊರತಂದ ಜಿ41 ಚಿಪ್‌ಸೆಟ್ಟಿನ ಬೋರ್ಡುಗಳು ಇನ್ನೂ ಅಲ್ಲಲ್ಲಿ ಇವೆ. ಅದರ ಡಿಡಿಆರ್3 ಬೋರ್ಡು ಒಂದೊಂದು ಚಿಪ್ಪಿನಲ್ಲಿ 2 ಗಿಗಾಬಿಟ್‌ವರೆಗೆ ಮಾತ್ರ ಓದಬಲ್ಲದು. 4 ಜಿಬಿ ಎಂದರೆ 32 ಗಿಗಾಬಿಟ್. ಅದನ್ನು 16 ಚಿಪ್ಪುಗಳಲ್ಲಿ ಹಂಚಿದ್ದರೆ ಕೆಲಸ ನಡೆಯುತ್ತದೆ, 8 ಚಿಪ್ಪುಗಳಲ್ಲಿ ತುಂಬಿದ್ದರೆ ನಡೆಯದು. ಎರಡರ ಮೇಲೂ '4 ಜಿಬಿ' ಎಂದೇ ಬರೆದಿರುತ್ತದೆ! ಇನ್ನು 32 ಬಿಟ್ಟಿನ ವಿಂಡೋಸ್ ಇರುವಲ್ಲಿ 8 ಜಿಬಿ ಹಾಕಿದರೂ 4 ಜಿಬಿಯೊಳಗೇ ನಿಲ್ಲುತ್ತದೆ. ಎರಡನ್ನು 32 ಸಲ ಗುಣಿಸಿ ನೋಡಿ: 4,29,49,67,296. ಅದು ಎಣಿಸಬಲ್ಲ ಮನೆಗಳು ಅಷ್ಟೇ.

ಹಾಗಾದರೆ ಪರದೆ ಕತ್ತಲಾದಾಗ ಮಾಡಬೇಕಾದದ್ದೇನು? ವಿದ್ಯುತ್ ತಂತಿಯನ್ನು ಕಳಚಿ, ಪವರ್ ಗುಂಡಿಯನ್ನು ಕೆಲವು ಕ್ಷಣ ಅದುಮಿ ಉಳಿದ ವಿದ್ಯುತ್ತನ್ನು ಬಿಡಿಸಿ. ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಳ್ಳಿ. ಹೊಸ ರ‍್ಯಾಮನ್ನು ತೆಗೆದು ಹಳೆಯದೊಂದನ್ನೇ ಹಾಕಿ. ಯಂತ್ರ ಎದ್ದರೆ ಅದು ಸತ್ತಿಲ್ಲವೆಂದು ತಿಳಿಯಿತು. ಬಳಿಕ ಹೊಸತೊಂದನ್ನೇ, ಒಂದೊಂದು ಸ್ಲಾಟಿನಲ್ಲೂ ಪರೀಕ್ಷಿಸಿ. ಇಕ್ಕೆಲದ ಕೊಂಡಿಗಳು 'ಟಿಕ್' ಎನ್ನುವವರೆಗೆ ಸಮನಾಗಿ ಕೂರಿಸಬೇಕು. ಮಂಜೇಶ್ವರದ ಕಡಲ ಗಾಳಿಯಲ್ಲಿ ಉಪ್ಪೂ ತೇವವೂ ಹೆಚ್ಚು. ಪಿನ್ನುಗಳು ಮಾಸಿದ್ದರೆ ಪೆನ್ಸಿಲಿನ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒರಸಿ. ಬೀಪ್ ಸದ್ದು ಬಂದರೆ ಎಣಿಸಿ ಬರೆದಿಡಿ. ಅದರ ಅರ್ಥ ಒಂದೊಂದು ತಯಾರಕರಲ್ಲಿ ಒಂದೊಂದು ಬಗೆ. ಯಂತ್ರ ಎದ್ದೂ ನಡುನಡುವೆ ನಿಂತುಹೋಗುತ್ತಿದ್ದರೆ 'ಮೆಮ್‌ಟೆಸ್ಟ್86+' ಎಂಬ ಉಚಿತ ತಂತ್ರಾಂಶದಿಂದ ರಾತ್ರಿಯಿಡೀ ಪರೀಕ್ಷಿಸಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ, ಇದೇ ಮುಖ್ಯ ಸೂತ್ರ. ಎರಡನ್ನು ಒಟ್ಟಿಗೆ ಬದಲಿಸಿದರೆ ದೋಷ ಯಾವುದರದೆಂದು ತಿಳಿಯದು.

ಎಲ್ಲ ಹಳೆಯ ಯಂತ್ರಗಳನ್ನೂ ಉಳಿಸಬೇಕೆಂದು ನಾವು ಹೇಳುತ್ತಿಲ್ಲ. ಬೋರ್ಡಿನ ಮಿತಿಯೇ 4 ಜಿಬಿಯಾಗಿದ್ದು ಅದು ಈಗಾಗಲೇ ತುಂಬಿದ್ದರೆ ಮತ್ತೆ ಹಣ ಸುರಿಯುವುದು ಹೊಳೆಯಲ್ಲಿ ಹುಣಿಸೆ ತೊಳೆದಂತೆ. ಮಿತಿಯನ್ನು ತಿಳಿದು ಬಿಡುವುದು ಒಂದು, ತಿಳಿಯದೆ ಎಸೆಯುವುದು ಇನ್ನೊಂದು. ಶಾಲೆಯ ಯಂತ್ರವನ್ನಂತೂ ಅಧ್ಯಾಪಕರ ಅಪ್ಪಣೆಯಿಲ್ಲದೆ ಯಾರೂ ಬಿಚ್ಚಬಾರದು.

ಕನ್ನಡ ಪಂಡಿತರಿಗೆ ಈ ಉಸಾಬರಿ ಏಕೆಂದು ಕೆಲವರು ಕೇಳಬಹುದು. ಯಂತ್ರದ ಮಾತೆಲ್ಲ ಇಂಗ್ಲಿಷಿಗೇ ಮೀಸಲು, ಕನ್ನಡ ಮಾಧ್ಯಮದ ಮಕ್ಕಳು ದೂರ ನಿಂತು ನೋಡಬೇಕಾದವರು ಎಂಬ ಭ್ರಮೆ ನಮ್ಮ ಗಡಿನಾಡಿನಲ್ಲಿ ಇನ್ನೂ ಹೋಗಿಲ್ಲ. ಆದರೆ ಮೇಲಿನ ಕೆಲಸದಲ್ಲಿ ಬೇಕಾದದ್ದು ಬರೆದುದನ್ನು ಗಮನವಿಟ್ಟು ಓದುವುದು, ಹೋಲಿಸುವುದು, ಕಾರಣ ಹುಡುಕುವುದು. ಇದನ್ನೆಲ್ಲ ಯಾವ ಭಾಷೆಯಲ್ಲೂ ಕಲಿಯಬಹುದು, ನಮ್ಮದರಲ್ಲಿ ಧಾರಾಳವಾಗಿ ಕಲಿಯಬಹುದು. 2018ರಲ್ಲಿ ಆರಂಭವಾದ 'ಲಿಟಲ್ ಕೈಟ್ಸ್' ಕೂಟಗಳಲ್ಲಿ ಹಾರ್ಡ್‌ವೇರ್ ತರಬೇತಿಯೂ ಇದೆ. ನಮ್ಮ ಮಕ್ಕಳು ಅಲ್ಲಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಲಿ.

ಹೆತ್ತವರಲ್ಲಿ ನಮ್ಮದೊಂದೇ ವಿನಂತಿ. ರ‍್ಯಾಮ್ ಕೊಳ್ಳುವ ಮೊದಲು ಹಳೆಯ ರ‍್ಯಾಮಿನ ಮೇಲಿನ ಚೀಟಿಯನ್ನೂ ಬೋರ್ಡಿನ ಹೆಸರನ್ನೂ ನಿಮ್ಮ ಮಗನಿಂದಲೋ ಮಗಳಿಂದಲೋ ಓದಿಸಿ, ಕಾಗದದಲ್ಲಿ ಬರೆಯಿಸಿ. ಅಂಗಡಿಗೆ ಹೋಗುವಾಗ ಆ ಕಾಗದವನ್ನೂ ಮಗುವನ್ನೂ ಜೊತೆಗೆ ಕರೆದೊಯ್ಯಿರಿ.